ಮಾವಿನ ಸಿಪ್ಪಿ ಉರಿಸಿದ್ರ ಬಾಯ್ಲರ್ ಗ್ರೇಟ್ ಮ್ಯಾಲೆ ಗಾಜು ಕಟ್ಟಾಕತ್ತೈತಿ, ಯಾಕ್ರಿ?

ಕೆಲಗೇರಿ_ಹುಡುಗ
ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದ ಹತ್ರ ಒಂದು ಸಣ್ಣ ಪಲ್ಪ್ ಫ್ಯಾಕ್ಟರಿಯೊಳಗ ಬಾಯ್ಲರ್ ನೋಡ್ಕೊಂತೀನಿ. ಸೀಸನ್‌ನ್ಯಾಗ ಆಪೂಸ್ ಹಣ್ಣು ಬರತಾವ, ತಿರುಳು ತಗದ ಮ್ಯಾಲೆ ಸಿಪ್ಪಿ, ವಾಟಿ ಗುಡ್ಡೆಗಟ್ಟಲೆ ಬೀಳತಾವ. ಮೊದ್ಲ ಕಟ್ಟಿಗಿ, ಬ್ರಿಕೆಟ್ (ಹೊಟ್ಟು ಒತ್ತಿ ಮಾಡಿದ ಉರುವಲ ಗಟ್ಟಿ) ಉರಸ್ತಿದ್ವಿ. ಈ ಸಲ ಮಾಲಕರು "ನಮ್ಮ ಕಸಾನ ನಾವ ಉರಸೋಣು, ರೊಕ್ಕ ಉಳೀತೈತಿ" ಅಂದ್ರು.

ವಾಟಿ ಒಣಗಿಸಿ ಹಾಕಿದ್ವಿ, ಏನೂ ತಕರಾರ ಇಲ್ಲ. ಆಮ್ಯಾಲ ಸಿಪ್ಪಿ ಒಣಗಿಸಿ ಹಾಕಿದ್ವಿ. ಎರಡು ದಿನ ಛಲೋ ಉರೀತು, ಕಟ್ಟಿಗಿಗಿಂತ ಲಗೂನ ಹತ್ತತಿತ್ತು. ಮೂರನೇ ದಿನ ಸ್ಟೀಮ್ ಏರವಲ್ದು. ಬಾಗಲಾ ತಗದು ನೋಡ್ತೀನಿ, ಗ್ರೇಟ್ ಮ್ಯಾಲೆ, ಅಂದ್ರ ಉರಿ ಹಾಕೂ ಕಬ್ಬಿಣದ ಸರಳಿನ ಜಾಳಗಿ ಮ್ಯಾಲೆ, ಬೂದಿನ ಇಲ್ಲ! ಕರೀ ಹಸರು ಬಣ್ಣದ ಗಾಜಿನ ಹಪ್ಪಳ ಹಾಸಿದಂಗ ಆಗೇತಿ. ಬಿಸಿ ಇದ್ದಾಗ ಸಲಾಕಿ ಹಾಕಿದ್ರ ಬೆಲ್ಲದ ಪಾಕದಂಗ ಎಳಿ ಬರತಿತ್ತು. ಆರಿದ ಮ್ಯಾಲೆ ಬಡದ್ರ ಠಣ್ ಅಂತೈತಿ. ಫೈರ್‌ಬಾರ್‌ಗೆ ಕಚ್ಚಿ ಕುಂತಿದ್ದು ಬಿಡಿಸೂದ್ರಾಗ ಎರಡು ಬಾರ್ ಮುರದ್ವು.

ಮಾಲಕರು ಸಿಪ್ಪಿ ಹಸಿ ಇತ್ತು ಅಂತಾರ. ಮೆಕ್ಯಾನಿಕ್ ಬ್ಲೋವರ್ ತಪ್ಪು ಅಂತಾನ. ನನಗ ಎರಡೂ ಒಪ್ಪಿಗಿ ಇಲ್ಲ. ಒಂದ ಹಣ್ಣಿನ ವಾಟಿ ಸುಮ್ಮ ಉರೀತೈತಿ, ಸಿಪ್ಪಿ ಯಾಕ ಗಾಜ ಆಗ್ತೈತಿ? ಗೊತ್ತಿದ್ದವ್ರು ಹೇಳ್ರಿ.

ಗಿರ್ಮಿಟ್_ಗ್ಯಾಂಗ್
ಹಸಿ ಇತ್ತು. ಮುಗೀತು. ಮುಂದಿನ ಪ್ರಶ್ನೆ.

ಬಾಯ್ಲರ್_ಮಾಮಾ
ಹಸಿ ಇದ್ರ ಹೊಗಿ ಬರತೈತಿ ತಮ್ಮಾ, ಗಾಜ ಬರಂಗಿಲ್ಲ. ಇದಕ್ಕ ಕ್ಲಿಂಕರ್ ಅಂತಾರ, ಕುಲುಮಿ ಮಂದಿ ಕಿಟ್ಟ ಅಂತಾರ. ಬೂದಿ ಕರಗಿ ಆಗೂದು. ಗ್ರೇಟಿನ ತೂತು ಮುಚ್ಚಿ ಕೆಳಗಿನ ಗಾಳಿ ಬಂದ್ ಆತಂದ್ರ ಸ್ಟೀಮ್ ಎಲ್ಲಿಂದ ಏರಬೇಕು? ಆ ಗಾಳಿನ ಬಾರನ್ನ ತಣ್ಣಗ ಇಡತಿರ್ತೈತಿ, ಅದು ನಿಂತ್ರ ಬಾರೂ ಹೋಗ್ತಾವ. ಬ್ಲೋವರ್‌ದು ತಪ್ಪಲ್ಲ, ಪಾಪ ಅದು ಊದಾಕ ಜಾಗಾನ ಇರಲಿಲ್ಲ.

ತಾರಿಹಾಳ_ಲೆಕ್ಕ
ಹಸಿ ಅನ್ನವ್ರಿಗೆ ಒಂದು ಲೆಕ್ಕ. ಹಸಿ ಸಿಪ್ಪಿಯೊಳಗ ಮುಕ್ಕಾಲು ಭಾಗ ನೀರು ಹಿಡೀರಿ. ಒಂದು ಕಿಲೋಕ್ಕ 250 ಗ್ರಾಂ ಒಣಾ ಮಾಲು, ಒಣಾ ಮಾಲಿಗೆ ಕಿಲೋಕ್ಕ 4,000 ಕಿಲೋ ಕ್ಯಾಲೊರಿ ಅಂದ್ರ ಸಿಗೂದು 1,000. ಉಳದ 750 ಗ್ರಾಂ ನೀರು ಕಾಯಿಸಿ ಉಗಿ ಮಾಡಾಕ ಹತ್ತಿರ ಹತ್ತಿರ 450 ಬೇಕು. ಅರ್ಧ ಶಾಖ ಹೊಗಿ ಕೊಳವಿಯೊಳಗ ಉಗಿ ಆಗಿ ಹೋತು.

ಅದಕ್ಕ ಹಸಿ ಸಿಪ್ಪಿ ಉರಿಸೂದು ದಂಡ ಖರೇ. ಆದ್ರ ಬೆಂಕಿ ಆಗ ತಣ್ಣಗ ಆಗ್ತೈತಿ, ಬೂದಿ ಕರಗೂದು ಇನ್ನೂ ಕಡಿಮಿ ಆಗ್ತೈತಿ. ಮಾಲಕರು ಹೇಳಿದ್ದು ಉಲ್ಟಾ. ಒಣಗಿತ್ತು ಅಂತನ ಕರಗೈತಿ.

ಶೇಂಗಾ_ಹೊಟ್ಟು
ಇದ್ರಾಗ ಏನೈತ್ರಿ? ಸಿಪ್ಪಿಯೊಳಗ ಬೂದಿ ಜಾಸ್ತಿ, ವಾಟಿಯೊಳಗ ಕಡಿಮಿ. ಬೂದಿ ಜಾಸ್ತಿ ಇದ್ದ ಮಾಲು ಉರಿಸಬಾರದು.

ಚುರಮರಿ_ಭಟ್ಟಿ
ಅಣ್ಣಾರ, ಹಂಗಾರ ನಾನು ಇಷ್ಟೊತ್ತಿಗೆ ಭಟ್ಟಿ ಮುಚ್ಚಿ ಮನಿಗೆ ಹೋಗಬೇಕಿತ್ತು. ನಾವು ಉರಸೂದು ಭತ್ತದ ಹೊಟ್ಟು. ನೂರು ಕಿಲೋ ಹಾಕಿದ್ರ ಹದಿನೈದರಿಂದ ಇಪ್ಪತ್ತು ಕಿಲೋ ಬೂದಿ ಬೀಳತೈತಿ. ದಿನಾ ಬುಟ್ಟಿಗಟ್ಟಲೆ ಹೊರಗ ಹೊತ್ತು ಹಾಕ್ತೀವಿ. ಆದ್ರ ಕಿಟ್ಟ? ಕಟ್ಟೂದು ಭಾಳ ಅಪರೂಪ. ಬೂದಿ ಹತ್ತಿಯಂಗ ಹಗುರ, ಊದಿದ್ರ ಹಾರತೈತಿ. ಆಜೂಬಾಜೂ ಮನಿಯವ್ರು ಅದಕ್ಕ ಬೈತಾರ, ಅದು ಬ್ಯಾರೆ ಮಾತು.

ಮಾವಿನ ಸಿಪ್ಪಿಯೊಳಗ ಇಪ್ಪತ್ತು ಕಿಲೋ ಬೂದಿ ಬರತೈತೇನು? ಸಾಧ್ಯನ ಇಲ್ಲ.

ರಸಾಯನ_ಮೇಷ್ಟ್ರು
ಚುರಮರಿ ಭಟ್ಟಿಯವರು ಸರಿಯಾದ ಗಂಟನ್ನೇ ಹಿಡಿದಿದ್ದಾರೆ. ಒಣಗಿದ ಮಾವಿನ ಸಿಪ್ಪೆಯಲ್ಲಿ ಬೂದಿ ನೂರಕ್ಕೆ ಮೂರು ನಾಲ್ಕು ಭಾಗ, ಅಷ್ಟೇ. ಭತ್ತದ ಹೊಟ್ಟಿನ ಮುಂದೆ ಏನೂ ಅಲ್ಲ. ಪ್ರಶ್ನೆ ಬೂದಿ ಎಷ್ಟು ಎಂಬುದಲ್ಲ, ಆ ಬೂದಿ ಯಾವುದರದ್ದು ಎಂಬುದು.

ಭತ್ತದ ಹೊಟ್ಟಿನ ಬೂದಿಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಭಾಗ ಸಿಲಿಕಾ, ಅಂದರೆ ಮರಳಿನ ಜಾತಿಯದು. ಅದೊಂದೇ ಕರಗಬೇಕಾದರೆ ಸುಮಾರು 1,700 ಡಿಗ್ರಿ ಬೇಕು. ನಿಮ್ಮ ಗ್ರೇಟ್ ಮೇಲೆ ಸಾವಿರದ ಆಸುಪಾಸು ಇದ್ದೀತು. ಹಾಗಾಗಿ ಅದು ಕರಗದೆ ಪುಡಿಯಾಗಿಯೇ ಉಳಿಯುತ್ತದೆ. ಹಣ್ಣಿನ ಸಿಪ್ಪೆಯ ಬೂದಿಯಲ್ಲಿ ದೊಡ್ಡ ಪಾಲು ಪೊಟ್ಯಾಸಿಯಂ. ಪೊಟ್ಯಾಸಿಯಂ ಮತ್ತು ಸಿಲಿಕಾ ಒಟ್ಟಿಗೆ ಸಿಕ್ಕರೆ ಕರಗುವ ಬಿಂದು ಕೆಲವು ಪ್ರಮಾಣಗಳಲ್ಲಿ 770 ಡಿಗ್ರಿಯವರೆಗೂ ಇಳಿಯುತ್ತದೆ. ಕುಲ್ಫಿ ಮಾಡುವವರು ಐಸಿಗೆ ಉಪ್ಪು ಹಾಕಿದಾಗ ಐಸು ಸೊನ್ನೆಗಿಂತ ಕೆಳಗೂ ನೀರಾಗುತ್ತದಲ್ಲ, ಅದೇ ಚಮತ್ಕಾರ ಇಲ್ಲಿ ಬೆಂಕಿಯಲ್ಲಿ ನಡೆಯುತ್ತದೆ. ಕರಗಿದ್ದು ಆರಿದರೆ ಗಾಜು. ನೀವು ಮಾಡಿದ್ದು ಅಕ್ಷರಶಃ ಗಾಜೇ.

ಈಗ ನನ್ನ ಪ್ರಶ್ನೆ: ಮಾವಿನ ಸಿಪ್ಪೆಯಲ್ಲಿ ಪೊಟ್ಯಾಸಿಯಂ ಇದೆ, ಸರಿ. ಆದರೆ ಸಿಲಿಕಾ ಅಷ್ಟಿಲ್ಲ. ಅದು ಎಲ್ಲಿಂದ ಬಂತು? ಸಿಪ್ಪೆ ಒಣಗಿಸಿದ್ದು ಎಲ್ಲಿ?

ಕೆಲಗೇರಿ_ಹುಡುಗ
ಫ್ಯಾಕ್ಟರಿ ಹಿಂದ ಬಯಲಾಗ್ರಿ ಸರ್. ಗರಸು ಹಾಕಿದ ಜಾಗ. ನಾಲ್ಕೈದು ದಿನ ಬಿಸಲಿಗೆ ಹರವಿ, ಒಣಗಿದ ಮ್ಯಾಲೆ ಸಲಿಕಿಲೆ ಕೆರದು ಚೀಲಕ್ಕ ತುಂಬಿದ್ವಿ.

ಬಾಯ್ಲರ್_ಮಾಮಾ
ಸಿಕ್ತು ನೋಡ್ರಿ ಕಳ್ಳ! ಸಿಪ್ಪಿ ಜೋಡಿ ಅರ್ಧ ಬುಟ್ಟಿ ಗರಸೂ ಬಾಯ್ಲರ್‌ಗೆ ಹೋಗೇತಿ. ಸಿಪ್ಪಿ ಅಂಟು ಅಂಟು ಇರತೈತಲ್ಲ, ಮರಳು ಸಕ್ಕರಿ ಅದ್ದಿದಂಗ ಹತ್ತಿಕೊಂಡಿರ್ತೈತಿ.

ತಮ್ಮಾ, ಒಂದು ಮುಷ್ಟಿ ಸಿಪ್ಪಿ ತಗೊಂಡು ಬಕೀಟ್ ನೀರಾಗ ಹಾಕಿ ಗಿಚಗಿಚ ಮಾಡು. ಅಡ್ಯಾಗ ಏನು ಕೂಡ್ತೈತಿ ನೋಡು.

ಕೆಲಗೇರಿ_ಹುಡುಗ
ಮಾಮಾರ, ಈಗ ಹಾಕಿ ನೋಡಿದೆ. ಎರಡು ಬೊಗಸಿ ಸಿಪ್ಪಿಗೆ ಒಂದು ಚಮಚದ ಮ್ಯಾಲೆ ಕೆಂಪು ಮರಳು. ನನಗ ನಾಚಿಕಿ ಬಂತು.

ಬ್ಯಾಡಗಿ_ತುಂಬು
ನಾಚಿಕಿ ಯಾಕ್ರಿ, ನಮ್ಮ ಕಡೆ ಮೆಣಸಿನಕಾಯಿ ತುಂಬು, ಹೊಟ್ಟು ಕಣದಾಗಿಂದ ಹಂಗ ಕೆರದು ಮಾರತಾರ. ಅದನ್ನ ಉರಿಸಿದ ಇಟ್ಟಂಗಿ ಭಟ್ಟಿಯವ್ರೂ ಇದನ್ನ ಹೇಳತಾರ, ಕಿಟ್ಟ ಕಟ್ಟತೈತಿ ಅಂತ. ನಾವು ಮೆಣಸಿನಕಾಯಿ ಘಾಟಿನಿಂದ ಅಂದ್ಕೊಂಡಿದ್ವಿ 😀

ಗಿರ್ಮಿಟ್_ಗ್ಯಾಂಗ್
ಮೆಣಸಿನಕಾಯಿ ತುಂಬು ಬಾಯ್ಲರ್‌ನ್ಯಾಗ ಉರಿಸಿದ್ರ ಇಡೀ ಓಣಿ ಕೆಮ್ಮತೈತಿ. ಅದಕ್ಕೂ ಪೊಟ್ಯಾಸಿಯಂ ಕಾರಣನ?

ರಸಾಯನ_ಮೇಷ್ಟ್ರು
ಅದಕ್ಕೆ ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಕಾರಣ. ಪೊಟ್ಯಾಸಿಯಂ ಮೇಲೆ ಎಲ್ಲ ಅಪವಾದ ಹೊರಿಸಬೇಡಿ.

ಸವಣೂರು_ಅಕ್ಕ
ಪೊಟ್ಯಾಸಿಯಂ ಅಂದ್ರ ಏನೋ ದೊಡ್ಡ ಔಷಧ ಅಂಗಡಿ ಮಾತು ಅನಸ್ತೈತಿ. ನಮ್ಮ ಅಜ್ಜಿ ಒಲಿ ಬೂದಿ ಗಡಿಗ್ಯಾಗ ನೆನಿ ಇಟ್ಟು, ತಿಳಿ ಬಸದು, ಆ ನೀರಾಗ ಅರಿವಿ ಒಗೀತಿದ್ಲು. ಕೈಯಾಗ ಹಿಡದ್ರ ಸಬಕಾರದಂಗ ಜಾರತಿತ್ತು. ಬಾಳಿದಿಂಡು ಸುಟ್ಟ ಬೂದಿ ಸಿಕ್ರ ಅದನ್ನ ಬ್ಯಾರೆ ಡಬ್ಬಿಯೊಳಗ ಎತ್ತಿಡ್ತಿದ್ಲು, "ಇದು ಚೂಪ ಐತಿ" ಅಂತಿದ್ಲು. ಅದೂ ಇದ ಏನ್ರಿ ಸರ್?

ರಸಾಯನ_ಮೇಷ್ಟ್ರು
ಅದೇ ಅಕ್ಕಾ. ಆ ಜಾರುವ ಗುಣ ಪೊಟ್ಯಾಸಿಯಂ ಕಾರ್ಬೊನೇಟಿನದು. ಯೂರೋಪಿನಲ್ಲೂ ಹೀಗೇ ಮಡಕೆಯಲ್ಲಿ ಬೂದಿ ನೀರು ಕುದಿಸಿ ಬತ್ತಿಸುತ್ತಿದ್ದರು. ಮಡಕೆ ಬೂದಿ ಎಂಬ ಅರ್ಥದ "ಪಾಟ್ ಆಶ್" ಪೊಟ್ಯಾಶ್ ಆಯಿತು, 1807ರಲ್ಲಿ ಹಂಫ್ರಿ ಡೇವಿ ಅದರಿಂದ ಲೋಹ ಬೇರ್ಪಡಿಸಿದಾಗ ಅದಕ್ಕೆ ಪೊಟ್ಯಾಸಿಯಂ ಎಂದೇ ಹೆಸರಿಟ್ಟ. ಅಸ್ಸಾಮಿನಲ್ಲಿ ಬಾಳೆಯ ಸಿಪ್ಪೆ, ದಿಂಡು ಸುಟ್ಟ ಬೂದಿಯ ತಿಳಿಯನ್ನು ಇವತ್ತಿಗೂ ಅಡುಗೆಗೆ ಬಳಸುತ್ತಾರೆ. ನಿಮ್ಮ ಅಜ್ಜಿ ಬಾಳೆ ಬೂದಿಯನ್ನು ಬೇರೆ ಎತ್ತಿಟ್ಟದ್ದು ಪಕ್ಕಾ ಲ್ಯಾಬ್ ಬುದ್ಧಿ.

ಹಾನಗಲ್_ಬಾಳಿ
ತಡೀರಿ ತಡೀರಿ. ನಾನು ಬಾಳಿಸಿಪ್ಪಿ, ಬಾಳಿದಿಂಡು ಒಣಗಿಸಿ ಬ್ರಿಕೆಟ್ ಮಾಡೂ ವಿಚಾರದಾಗ ಇದ್ದೆ. ನಮ್ಮ ಕಡೆ ಬಾಳಿಹಣ್ಣಿನ ಚಿಪ್ಸ್ ಕರಿಯೋ ಮಂದಿ ಸಿಪ್ಪಿ ಪುಕ್ಕಟೆ ಕೊಡ್ತಾರ. ಮಷೀನಿಗೆ ಕೊಟೇಶನ್ ಸೈತ ತರಿಸೀನಿ. ಏನ್ ಮಾಡ್ಲಿ?

ಬಾಯ್ಲರ್_ಮಾಮಾ
ಕೊಟೇಶನ್ ಮಡಚಿ ಕಿಸೆದಾಗ ಇಟ್ಕೊ.

ರಸಾಯನ_ಮೇಷ್ಟ್ರು
ಮಾಮ ಒರಟಾಗಿ ಹೇಳಿದರೂ ಸರಿಯಾಗಿಯೇ ಹೇಳಿದ್ದಾರೆ. ಹಣ್ಣಿನ ಕಸದಲ್ಲಿ ಉರಿಸಲು ತುಂಬ ತೊಂದರೆ ಕೊಡುವವುಗಳಲ್ಲಿ ಬಾಳೆಸಿಪ್ಪೆಯೂ ಒಂದು. ಒಣಗಿದ ಮೇಲೂ ನೂರಕ್ಕೆ ಹತ್ತರ ಹತ್ತಿರ ಬೂದಿ, ಅದರಲ್ಲಿ ಪೊಟ್ಯಾಸಿಯಂನದೇ ದರ್ಬಾರು, ಜೊತೆಗೆ ಕ್ಲೋರಿನ್ ಕೂಡ. ಪೊಟ್ಯಾಸಿಯಂ ಕ್ಲೋರೈಡ್ 770 ಡಿಗ್ರಿಯಲ್ಲೇ ಕರಗುತ್ತದೆ. ಅಷ್ಟಕ್ಕೇ ಸುಮ್ಮನಿರದೆ ಆವಿಯಾಗಿ ಹೊಗೆಯ ಜೊತೆ ಮೇಲೇರಿ, ತಣ್ಣಗಿನ ಟ್ಯೂಬ್ (ಶಾಖವನ್ನು ನೀರಿಗೆ ದಾಟಿಸುವ ಕೊಳವೆ) ಮೇಲೆ ಹೋಗಿ ಕೂರುತ್ತದೆ. ಕಿಟ್ಟ ಆದರೂ ಕಣ್ಣಿಗೆ ಕಾಣುತ್ತದೆ, ಇದು ಕಾಣದ ಶತ್ರು.

ನಿಮ್ಮ ಸಿಪ್ಪೆ ಗೊಬ್ಬರದ ಗುಂಡಿಗೆ, ಇಲ್ಲವೇ ಗೋಬರ್ ಗ್ಯಾಸಿಗೆ ಹೋಗಲಿ. ಅಲ್ಲಿ ಪೊಟ್ಯಾಸಿಯಂ ಉಪಕಾರಿ, ಇಲ್ಲಿ ಉಪದ್ರವ.

ಬಾಯ್ಲರ್_ಮಾಮಾ
ಆ ಟ್ಯೂಬ್ ಮ್ಯಾಲಿನ ಬಿಳೀ ಹಕ್ಕಳಿ ನಾ ಕಂಡೀನಿ. ತೆಂಗಿನ ನಾರು, ಸಿಪ್ಪಿ ಉರಸೂ ಒಂದು ಕಡೆ ಕೆಲಸ ಮಾಡ್ತಿದ್ದೆ. ಬೆರಳಿಗೆ ಹಚ್ಚಿ ನಾಲಿಗಿಗೆ ಇಟ್ಟೆ, ಉಪ್ಪು. ಹುಡುಗರ, ನೀವು ಮಾಡಬ್ಯಾಡ್ರಿ. ಒಲಿ ಹತ್ತಿದಾಗ ಅದು ಸುಮ್ಮ ಇರತೈತಿ, ಶಾಖ ದಾಟಗೊಡಂಗಿಲ್ಲ ಅಷ್ಟ, ಕಟ್ಟಿಗಿ ಹೆಚ್ಚು ತಿಂತೈತಿ. ಬಾಯ್ಲರ್ ಬಂದ್ ಮಾಡಿ ಮಳಿಗಾಲದಾಗ ಬಿಟ್ರಿ ಅಂದ್ರ ಮುಗೀತು. ಗಾಳಿಯಾಗಿನ ತಂಪು ಎಳಕೊಂಡು ಹಸಿ ಆಗಿ ಟ್ಯೂಬ್ ತಿನ್ನಾಕ ಸುರು ಮಾಡತೈತಿ.

ಕೆಲಗೇರಿ ತಮ್ಮಾ, ಸೀಸನ್ ಮುಗಿಯಾಕ ಬಂತು, ಮಿರಗ ಹೊಕ್ಕೈತಿ. ಕಿಟ್ಟದ ಚಿಂತಿ ಆಮ್ಯಾಲ ಮಾಡು, ಮೊದ್ಲ ಟ್ಯೂಬಿಗೆ ಬ್ರಶ್ ಹೊಡದು ಒಣಗಿಸಿ ಬಾಗಲಾ ಹಾಕು.

ತಾರಿಹಾಳ_ಲೆಕ್ಕ
ಒಂದು ತಿದ್ದುಪಡಿ. ಕ್ಲೋರಿನ್ ತುಕ್ಕಿಗೆ ಭಾಳ ಅಂಜಬೇಕಾದವ್ರು ಕರೆಂಟ್ ತಯಾರಿಸೂ ದೊಡ್ಡ ಬಾಯ್ಲರ್‌ದವ್ರು. ಅಲ್ಲಿ ಸೂಪರ್‌ಹೀಟರ್ ಟ್ಯೂಬ್ (ಉಗಿಯನ್ನ ಇನ್ನೂ ಕಾಯಿಸೂ ಕೊಳವಿ) 450–500 ಡಿಗ್ರಿ ದಾಟತಾವ, ಉರಿಯೋ ಮುಂದನ ಕೊರಿಯಾಕ ಸುರು ಆಗ್ತೈತಿ. ನಮ್ಮಂಥ ಸಣ್ಣ ಬಾಯ್ಲರ್‌ನ್ಯಾಗ ಹತ್ತು ಕಿಲೋ ಪ್ರೆಶರ್ ಅಂದ್ರ ನೀರಿನ ಬದಿ 180 ಡಿಗ್ರಿ ಅಷ್ಟ. ನಮ್ಮ ಕಷ್ಟ ಮಾಮಾರು ಹೇಳಿದಂಗ ನಿಂತಾಗ ಬರೂ ತುಕ್ಕು.

ಬೆಂಗಳೂರಾಗಿನ_ಗದಗಿನವ
ವಿಷಯಾಂತರಕ್ಕೆ ಕ್ಷಮೆ ಇರಲಿ. ವಾಟೆ ಅಂದರೆ ಗೊರಟೆ ತಾನೆ? ನನ್ನ ಮಗಳು ಕೇಳುತ್ತಿದ್ದಾಳೆ.

ಗಿರ್ಮಿಟ್_ಗ್ಯಾಂಗ್
ಗದಗಿನವ ಆಗಿ ಗೊರಟೆ ಅಂತೀರಲ್ರಿ. ಬೆಂಗಳೂರು ನೀರು ಕುಡದ್ರ ಹಿಂಗ.

ಸವಣೂರು_ಅಕ್ಕ
ಮಗಳಿಗೆ ವಾಟಿ ಅಂತನ ಕಲಸ್ರಿ. ವಾಟಿ ಚೀಪಿ ಬೆಳ್ಳಗ ಮಾಡಿ ಗೋಡೆಗೆ ಒಗದು ಆಡಿದ್ದು ಗೊರಟೆ ಅಂದ್ರ ನೆನಪ ಆಗಂಗಿಲ್ಲ.

ನವಲೂರು_ಪ್ಯಾರಲ
ಮೂಲ ಪ್ರಶ್ನೆ ಅರ್ಧ ಉಳದೈತಿ. ವಾಟಿ ಯಾಕ ಸುಮ್ಮ ಉರೀತೈತಿ? ಅದನ್ನೂ ಅದ ಗರಸಿನ ಮ್ಯಾಲೆ ಒಣಗಿಸಿರಬೇಕಲ್ಲ?

ರಸಾಯನ_ಮೇಷ್ಟ್ರು
ಒಳ್ಳೆಯ ಪ್ರಶ್ನೆ. ವಾಟೆಯ ಚಿಪ್ಪು ಹೆಚ್ಚುಕಡಿಮೆ ಕಟ್ಟಿಗೆಯೇ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಹೆಚ್ಚು, ಬೂದಿ ಕಡಿಮೆ. ಗಿಡದಲ್ಲಿ ಪೊಟ್ಯಾಸಿಯಂ ಓಡಾಡುವುದು ರಸದ ಜೊತೆಗೆ, ನೀರಿನಲ್ಲಿ ಕರಗಿದ ಉಪ್ಪಾಗಿ. ರಸ ಇರುವ ಮೆತ್ತನೆ ಭಾಗದಲ್ಲಿ ಹೆಚ್ಚು, ಗಟ್ಟಿಯಾಗಿ ಸತ್ತ ಚಿಪ್ಪಿನಲ್ಲಿ ಕಡಿಮೆ. ತೆಂಗಿನಲ್ಲೂ ಹಾಗೆಯೇ: ಕರಟದ ಬೂದಿ ನೂರಕ್ಕೆ ಒಂದು ಭಾಗವೂ ಬರುವುದಿಲ್ಲ, ನಾರಿನಲ್ಲಿ ಅದರ ಎಷ್ಟೋ ಪಟ್ಟು. ಮರಳು ವಾಟೆಗೂ ಅಂಟುತ್ತದೆ, ಆದರೆ ಉರುಟು ವಾಟೆ ಬುಟ್ಟಿಗೆ ಹಾಕುವಾಗಲೇ ಉದುರುತ್ತದೆ. ಜೊತೆಗೆ ಬೆರೆಯಲು ಪೊಟ್ಯಾಸಿಯಂ ಕಡಿಮೆ ಇದ್ದರೆ ಮರಳು ಮರಳಾಗಿಯೇ ಕೆಳಗೆ ಬೀಳುತ್ತದೆ.

ಶೇಂಗಾ_ಹೊಟ್ಟು
ಆತು, ಸೋತೆ. ಆದ್ರ ಒಂದು ಕೇಳತೀನಿ. ಸಿಪ್ಪಿ ಕಟ್ಟಿಗಿಗಿಂತ ಲಗೂನ ಹತ್ತತೈತಿ ಅಂದ್ರು. ತೆಳ್ಳಗ ಐತಿ ಅಂತನೋ, ಇದ್ರಾಗೂ ಆ ಪೊಟ್ಯಾಸಿಯಂ ಕೈವಾಡ ಐತೋ?

ರಸಾಯನ_ಮೇಷ್ಟ್ರು
ಎರಡೂ. ಪೊಟ್ಯಾಸಿಯಂ ಉರಿಗೆ ಚುರುಕು ಕೊಡುತ್ತದೆ. ಅನಿಲ ಬಿಡುವುದು ಕಡಿಮೆ ಉಷ್ಣತೆಯಲ್ಲೇ ಶುರುವಾಗುತ್ತದೆ, ಉಳಿದ ಕೆಂಡವೂ ಬೇಗ ಹತ್ತಿ ಬೇಗ ಮುಗಿಯುತ್ತದೆ. ಮನೆಯಲ್ಲೇ ನೋಡಬಹುದು. ಸಕ್ಕರೆಯ ಒಂದು ಬಿಲ್ಲೆಗೆ ಕಡ್ಡಿ ಗೀರಿ ಹಿಡಿಯಿರಿ, ಕರಗಿ ತೊಟ್ಟಿಕ್ಕುತ್ತದೆ ಹೊರತು ಉರಿಯುವುದಿಲ್ಲ. ಅದೇ ಬಿಲ್ಲೆಗೆ ಒಂದಿಷ್ಟು ಬೂದಿ ಸವರಿ ಹಿಡಿಯಿರಿ.

ಚುರಮರಿ_ಭಟ್ಟಿ
ಈಗ ಮಾಡಿದೆ. ಮೊದಲನೇ ಬಿಲ್ಲಿ ಕಂದು ಆಗಿ ಇಕ್ಕಳದಿಂದ ಹನಿ ಹನಿ ಬಿತ್ತು, ಹತ್ತಲಿಲ್ಲ. ಎರಡನೇದಕ್ಕ ಒಲಿ ಬೂದಿ ತಿಕ್ಕಿದೆ. ಸಣ್ಣ ನೀಲಿ ಉರಿ ಹತ್ತಿ ಕಡ್ಡಿ ತಗದ ಮ್ಯಾಲೂ ಉರೀತಿತ್ತು. ಮನಿಯಾಕಿ "ಸಕ್ಕರಿ ರೇಟ್ ಗೊತ್ತೈತೇನು" ಅಂದ್ಲು.

ಕಪ್ಪತಗುಡ್ಡ
ನಾನು ಮುಂಡರಗಿ ಕಡೆ ರೈತ. ಬಾಯ್ಲರ್ ಗೊತ್ತಿಲ್ಲ, ಗೊಬ್ಬರ ಗೊತ್ತೈತಿ. ದೇಶಕ್ಕ ಬೇಕಾದ ಪೊಟ್ಯಾಶ್ ಹೆಚ್ಚೂಕಡಿಮಿ ಎಲ್ಲಾ ಹೊರಗಿಂದ ತರಸ್ತಾರ. ನೀವು ನೋಡಿದ್ರ ಅದನ್ನ ಗಾಜು ಮಾಡಿ ಗಟಾರಕ್ಕ ಒಗದೀರಿ. ಬೂದಿ ಬೂದಿಯಾಗೇ ಉಳದಿದ್ರ ನೀರಾಗ ಕರಗಿ ಬೇರಿಗೆ ಸಿಗತಿತ್ತು. ಗಾಜ ಆದ ಮ್ಯಾಲೆ ಅದರೊಳಗಿನ ಪೊಟ್ಯಾಶ್ ಬೆಳಿಗೆ ಸಿಗೂದು ಕಷ್ಟ. ಬಾರೂ ಹೋತು, ಗೊಬ್ಬರಾನೂ ಹೋತು.

ನವಲೂರು_ಪ್ಯಾರಲ
ಹಂಗಾರ ಬೂದಿ ತಂದು ಹೊಲಕ್ಕ ಹಾಕಬಹುದಾ? ಫ್ಯಾಕ್ಟರಿಯವ್ರು ಪುಕ್ಕಟೆ ಕೊಟ್ರ ನಾ ಟ್ರ್ಯಾಕ್ಟರ್ ತರತೀನಿ.

ಕಪ್ಪತಗುಡ್ಡ
ನಿಂದು ಯಾವ ಮಣ್ಣು ನೋಡ್ಕೊ. ನಮ್ಮ ಗದಗ, ನರಗುಂದ, ನವಲಗುಂದದ ಎರಿ ಮಣ್ಣಿನ್ಯಾಗ ಪೊಟ್ಯಾಶ್ ಮೊದ್ಲ ಸಾಕಷ್ಟು ಇರತೈತಿ, ಮಣ್ಣೂ ಕ್ಷಾರದ ಕಡೆ. ಅದಕ್ಕ ಬೂದಿ ಸುರದ್ರ ಸವಳಿಗೆ ಸವಳು ಸೇರಿಸಿದಂಗ. ಕಲಘಟಗಿ, ಹಾನಗಲ್ ಕಡೆ ಮಳಿ ಜಾಸ್ತಿ ಬೀಳೂ ಕೆಂಪು ಮಣ್ಣು ಇದ್ರ ಹಾಕು, ಹಗೂರಕ ಹಾಕು. ಮೊದ್ಲ ಮಣ್ಣು ಪರೀಕ್ಷೆ ಮಾಡಿಸು, ಧಾರವಾಡದಾಗ ಕೃಷಿ ವಿಶ್ವವಿದ್ಯಾಲಯ ಬಾಗಲದಾಗ ಐತಿ.

ಇನ್ನೊಂದು. ತ್ವಾಟಕ್ಕ ಎಂಒಪಿ ಹಾಕ್ತೀರಲ್ಲ, ಅದು ಪೊಟ್ಯಾಸಿಯಂ ಕ್ಲೋರೈಡ್. ಗಿಡ ಎರಡನ್ನೂ ಎಳಕೊಂತೈತಿ. ಮೇಷ್ಟ್ರು ಹೇಳಿದ ಆ ಕ್ಲೋರಿನ್‌ನ್ಯಾಗ ನಮ್ಮ ಚೀಲದ್ದೂ ಪಾಲು ಇರಬೇಕು.

ರಸಾಯನ_ಮೇಷ್ಟ್ರು
ಇದೆ. ಅದನ್ನು ನಾನು ಹೇಳಬೇಕಿತ್ತು, ನೀವು ಹೇಳಿದಿರಿ.

ಹಾನಗಲ್_ಬಾಳಿ
ಕೆಂಪು ಮಣ್ಣು ಅಂದ ಕೂಡ್ಲೆ ನೆನಪಾತು. ಎಲ್ಲೋ ನೋಡಿದ್ದೆ, ಮಣ್ಣು ಬೆರಸಿದ್ರ ಕಿಟ್ಟ *ಕಡಿಮಿ* ಆಗ್ತೈತಂತ. ನೀವು ಮಣ್ಣಿನಿಂದನ ಕಿಟ್ಟ ಅಂತೀರಿ. ಯಾವುದು ಖರೇ?

ರಸಾಯನ_ಮೇಷ್ಟ್ರು
ಎರಡೂ ಖರೆ, ಮಣ್ಣು ಬೇರೆ ಬೇರೆ. ನೀವು ನೋಡಿದ್ದು ಚೀನಾ ಮಣ್ಣಿನ ವಿಷಯ, ಕೆಯೋಲಿನ್. ಅದರಲ್ಲಿ ಅಲ್ಯೂಮಿನಿಯಂ ಇದೆ. ಅದು ಪೊಟ್ಯಾಸಿಯಂನ್ನು ಹಿಡಿದು, 1,500 ಡಿಗ್ರಿಗೂ ಕರಗದ ಖನಿಜವಾಗಿ ಕಟ್ಟಿಹಾಕುತ್ತದೆ. ಇಂಧನಕ್ಕೆ ನೂರು ಕಿಲೋಗೆ ಒಂದೆರಡು ಕಿಲೋ ಬೆರೆಸುವುದುಂಟು. ಸುಣ್ಣದಕಲ್ಲಿನ ಪುಡಿಯೂ ಸಹಾಯ ಮಾಡುತ್ತದೆ, ಸುಣ್ಣ ತಾನು ಕರಗಲು 2,500 ಡಿಗ್ರಿಗೂ ಹೆಚ್ಚು ಬೇಕು. ಗರಸಿನಲ್ಲಿರುವುದು ಹರಳು ಮರಳು. ಅದು ಪೊಟ್ಯಾಸಿಯಂ ಕೈಗೆ ಸಿಕ್ಕರೆ ಗಾಜು.

ಹಾನಗಲ್_ಬಾಳಿ
ಆದ್ರ ಸರ್, ನಮ್ಮ ಕೆಂಪು ಮಣ್ಣಿನ್ಯಾಗೂ ಆ ಚೀನಾ ಮಣ್ಣಿನ ಅಂಶ ಇರತೈತಲ್ಲ? ಹಂಗಾರ ಪುಕ್ಕಟೆ ಔಷಧ ಅಲ್ಲೇನು?

ರಸಾಯನ_ಮೇಷ್ಟ್ರು
ಇರುತ್ತದೆ. ಜೊತೆಗೆ ಮರಳೂ ಕಬ್ಬಿಣವೂ ಇರುತ್ತವೆ. ಆ ಕಬ್ಬಿಣವೂ ಬೂದಿಯನ್ನು ಕರಗಿಸುವ ಕಡೆಗೇ ಸೇರುತ್ತದೆ. ಔಷಧವೂ ವಿಷವೂ ಒಂದೇ ಬುಟ್ಟಿಯಲ್ಲಿದ್ದರೆ ಆರಿಸುವವರು ಯಾರು? ಆ ಕರಿ ಹಸಿರು ಬಣ್ಣ ಬಂದದ್ದೂ ಕಬ್ಬಿಣದಿಂದಲೇ, ಹಳೆಯ ಸೋಡಾ ಬಾಟಲಿಯ ಹಸಿರಿನ ಹಾಗೆ.

ಬಾಯ್ಲರ್_ಮಾಮಾ
ಚೀನಾ ಮಣ್ಣು ಚೀಲ ತರಸೂ ರೊಕ್ಕದಾಗ ಎರಡು ತಾಡಪತ್ರಿ ಬರತಾವ. ಅದರ ಮ್ಯಾಲೆ ಒಣಗಸ್ರಿ. ಕೆಂಡದ ಹಾಸಿಗಿ ದಪ್ಪ ಮಾಡಬ್ಯಾಡ್ರಿ, ನಡಬರಕ ಉರಿ ಹೆಚ್ಚಾಗಿ ಅಲ್ಲೇ ಕರಗತೈತಿ. ತಾಸಿಗೊಮ್ಮೆ ಸಲಾಕಿ ಆಡಸ್ರಿ. ಬೂದಿ ಗುಂಡಿಯೊಳಗ ಒಂದೀಟು ನೀರು ನಿಲ್ಲಸ್ರಿ, ಅದರ ಉಗಿ ಬಾರ್ ತಣ್ಣಗ ಇಡತೈತಿ. ಇಷ್ಟು ಮಾಡಿ ಆಮ್ಯಾಲ ಮೇಷ್ಟ್ರ ಔಷಧ.

ತಾರಿಹಾಳ_ಲೆಕ್ಕ
ತೊಳದ್ರ? ಪೊಟ್ಯಾಸಿಯಂ ನೀರಾಗ ಕರಗತೈತಿ ಅಂದ್ರಲ್ಲ. ಹೊಲದಾಗ ಮಳಿಗೆ ತೊಯ್ದ ಹುಲ್ಲು ಉರಿಸಿದ್ರ ಕಿಟ್ಟ ಕಡಿಮಿ ಅಂತ ಓದೀನಿ. ಸಿಪ್ಪಿ ಒಂದು ರಾತ್ರಿ ನೀರಾಗ ನೆನಿ ಹಾಕಿ, ಹಿಂಡಿ, ಒಣಗಿಸಿದ್ರ ಪೊಟ್ಯಾಸಿಯಂ, ಕ್ಲೋರಿನ್ ಎರಡೂ ಭಾಳಷ್ಟು ಹೋಗ್ತಾವ.

ಶೇಂಗಾ_ಹೊಟ್ಟು
ಹೋಗ್ತಾವ. ಎಲ್ಲಿಗೆ? ಆ ನೀರು ಮೂರು ದಿನಕ್ಕ ಹುಳಿ ವಾಸನಿ ಹೊಡೀತೈತಿ. ಹಳ್ಳಕ್ಕ ಬಿಟ್ರ ಊರ ಮಂದಿ ಬಡಿಗಿ ತಗೊಂಡು ಬರತಾರ, ಬರಲೂಬೇಕು. ಮತ್ತ ಅಷ್ಟು ನೀರು ಮ್ಯಾಲಿಂದ ಹಾಕಿ ಮತ್ತ ಒಣಗಸೂದು ಯಾವ ಲೆಕ್ಕ, ಲೆಕ್ಕದವ್ರ?

ತಾರಿಹಾಳ_ಲೆಕ್ಕ
ನೀರು ಸುಮ್ಮ ಬಿಡಬ್ಯಾಡ್ರಿ, ತೆಳ್ಳಗ ಮಾಡಿ ತ್ವಾಟಕ್ಕ ಹಾಯಸ್ರಿ. ಸಿಪ್ಪಿ ಹೆಂಗಿದ್ರೂ ಹಸಿ ಬರೂದು, ಬಿಸಲು ಪುಕ್ಕಟೆ.

ಶೇಂಗಾ_ಹೊಟ್ಟು
ಆಳು ಪುಕ್ಕಟೆ ಬರತಾವೇನು?

ಕೆಲಗೇರಿ_ಹುಡುಗ
ಎಲ್ಲಾರ ಮಾತು ಓದಿ ಒಂದು ವಾರ ಸುಮ್ಮಿದ್ದೆ. ಬಾಯ್ಲರ್ ಬಂದ್ ಆಗೇತಿ, ಟ್ಯೂಬ್ ಬ್ರಶ್ ಮಾಡಿದೆ ಮಾಮಾರ, ಬಿಳೀ ಹಕ್ಕಳಿ ಒಂದು ಬುಟ್ಟಿ ಬಂತು. ನಾಲಿಗಿಗೆ ಹಚ್ಚಲಿಲ್ಲ.

ನಿನ್ನೆ ಮಳಿ ಬಿಟ್ಟಿತ್ತು. ನಮ್ಮ ಓಣಿ ಕಮ್ಮಾರ ಕಾಕಾನ ಕುಲುಮಿಗೆ ಹೋಗಿದ್ದೆ. ಮೂರು ಥರದ ಸಿಪ್ಪಿ ಮೊದ್ಲ ಮನ್ಯಾಗ ಕುಂಪಟಿಯೊಳಗ ಸುಟ್ಟು ಬೂದಿ ಮಾಡಿಕೊಂಡಿದ್ದೆ: ಗರಸಿನ ಮ್ಯಾಲಿಂದು, ಮೇ ತಿಂಗಳದಾಗ ತಾರಸಿ ಮ್ಯಾಲೆ ಸೀರಿ ಹಾಸಿ ಒಣಗಿಸಿದ್ದು (ಅವ್ವ ಹಲ್ಲುಪುಡಿಗೆ ಇಟ್ಟಿದ್ಲು, ಕದ್ದೆ), ಮತ್ತ ಅದನ್ನ ನೆನಿ ಹಾಕಿ ಹಿಂಡಿ ಒಣಗಿಸಿದ್ದು. ಒಂದ ಕಬ್ಬಿಣದ ತಗಡಿನ ಮ್ಯಾಲೆ ಮೂರು ಚಿಟಿಕಿ ಬ್ಯಾರೆ ಬ್ಯಾರೆ ಇಟ್ಟು ತಿದಿ ಊದಿಸಿದೆ. ತಗಡು ಕೆಂಪು ದಾಟಿ ಕಿತ್ತಳಿ ಬಣ್ಣಕ್ಕ ಬಂತು.

ಗರಸಿಂದು ಮೊದ್ಲ ಬೆವತಂಗ ಮಿಂಚಿತು, ಆಮ್ಯಾಲ ತುಪ್ಪದಂಗ ಹರದು ತಗಡಿಗೆ ಕಚ್ಚಿತು. ಎರಡನೇದು ಹರೀಲಿಲ್ಲ, ರವಾ ಉಂಡಿಯಂಗ ಗಟ್ಟಿ ಕೂಡಿತು, ಬೆರಳಿಲೆ ಒತ್ತಿದ್ರ ಒಡೀತು. ಮೂರನೇದು ಪುಡಿನ, ಒಂದೆರಡು ಸಣ್ಣ ಗಂಟು ಅಷ್ಟ. ಕಮ್ಮಾರ ಕಾಕಾ "ಇದನ್ನ ಕೇಳಾಕ ಅಷ್ಟು ಮಂದಿ ಬೇಕಾತೇನು, ಉಸುಕಿನ್ಯಾಗ ಬಿದ್ದ ಇದ್ದಲಿ ನಾವು ತೊಳದ ಉರಸ್ತೀವಿ" ಅಂದ.

ಬಾಯ್ಲರ್_ಮಾಮಾ
ಶಭಾಷ್. ಆದ್ರ ಚಿಟಿಕಿ ಬ್ಯಾರೆ, ಬಾಯ್ಲರ್ ಬ್ಯಾರೆ. ಒಂದು ಟನ್ ಮಾಲಿನ್ಯಾಗ ಎರಡನೇದೂ ತ್ರಾಸ ಕೊಡ್ತೈತಿ. ಸಿಪ್ಪಿ ಒಂದ ಉರಿಸಬ್ಯಾಡ, ವಾಟಿ ನಾಕು ಬುಟ್ಟಿಗೆ ಸಿಪ್ಪಿ ಒಂದು ಬುಟ್ಟಿ ಹಾಕಿ ಸುರು ಮಾಡು, ಗ್ರೇಟ್ ನೋಡ್ಕೊಂತ ಏರಸು.

ರಸಾಯನ_ಮೇಷ್ಟ್ರು
ಮರಳಿಲ್ಲದ ಸಿಪ್ಪೆಯ ಬೂದಿ ಮೆತ್ತಗಾಗಿ ಕೂಡಿಕೊಳ್ಳುವುದು ಸಹಜ, ಪೊಟ್ಯಾಸಿಯಂ ಕಾರ್ಬೊನೇಟ್ ತಾನೇ 890 ಡಿಗ್ರಿಗೆ ಕರಗುತ್ತದೆ. ಮಾಮ ಹೇಳಿದ ಮಿಶ್ರಣ ಸರಿ. ತೊಳೆಯುವ ಬಗ್ಗೆ ಮಾಲೀಕರು ಏನಂದರು?

ಕೆಲಗೇರಿ_ಹುಡುಗ
ತಗಡು ತೋರಿಸಿದೆ ಸರ್. ಭಾಳ ಹೊತ್ತು ನೋಡಿದ್ರು. ತೊಳಿಯೂದು ಒಲ್ಲೆ ಅಂದ್ರು, ತಾಡಪತ್ರಿ ಕೊಡಸ್ತೀನಿ ಅಂದ್ರು. ಮುರದ ಬಾರ್‌ದ ರೊಕ್ಕ ನನ್ನ ಪಗಾರದಾಗ ಹಿಡಿಯೂದು ಬಿಟ್ಟಾರ. ನನಗ ಅಷ್ಟ ಸಾಕು.

ಬೆಂಗಳೂರಾಗಿನ_ಗದಗಿನವ
ಆ ಗಾಜಿನ ಹಪ್ಪಳದ ಒಂದು ತುಂಡು ಸಿಗಬಹುದೇ? ಮಗಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಇದೆ. ಮುಂದಿನ ವಾರ ಊರಿಗೆ ಬರುತ್ತಿದ್ದೇವೆ.

ಕೆಲಗೇರಿ_ಹುಡುಗ
ಒಂದು ತುಂಡ ಯಾಕ್ರಿ, ಎರಡು ಚೀಲ ಐತಿ. ಬರ್ರಿ. ಮಗಳು ವಾಟಿ ಅಂತ ಅಂದ್ರ ದೊಡ್ಡ ತುಂಡು ಕೊಡ್ತೀನಿ.

ಬಾಯ್ಲರ್_ಮಾಮಾ
ಕೈಚೀಲದಾಗ ಒಯ್ಯಬ್ಯಾಡ್ರಿ, ಅಂಚು ಬ್ಲೇಡಿನಂಗ ಇರತಾವ. ಡಬ್ಬಿ ತರ್ರಿ, ಒಳಗ ಹಳೇ ಅರಿವಿ ಹಾಕ್ರಿ.